ಒದ್ದೆಯಲ್ಲಿ ಒಣಗುವುದು

ಅಮ್ಮ ನನಗೆ ಞಾನ್ ಎಂದು ಹೆಸರಿಟ್ಟಳು.
ನಮ್ಮ ಮಾತಿನಲ್ಲಿ ಹಾಗಂದರೆ ಬಿಡುವು.
ಐವತ್ತಮೂರು ವರ್ಷ ಆ ಹೆಸರಿಗೆ
ಸುಳ್ಳಾಗಿಯೇ ಬದುಕಿದೆ.

ಮೊದಲು ಸೊನೆಯ ವಿಷಯ ಹೇಳುತ್ತೇನೆ.
ಫು ಥೋ ಗುಡ್ಡಗಳಲ್ಲಿ ಚಾತ್ ಮುದುಕ
ಕೋಳಿ ಕೂಗುವ ಮುಂಚೆ, ಹಣೆಗೆ ದೀಪ ಕಟ್ಟಿ,
ಮರದ ತೊಗಟೆಗೆ ಗೀರು ಹಾಕುತ್ತಾನೆ,
ಗೀರಿನ ಕೆಳಗೊಂದು ಕಪ್ಪೆಚಿಪ್ಪು ಸಿಕ್ಕಿಸುತ್ತಾನೆ.
ಹಾಲಿನಂತೆ ಬರುತ್ತದೆ, ಗಾಳಿ ತಾಗಿದರೆ ಕಂದು,
ಆಮೇಲೆ ಕಪ್ಪು. ಬಾವಿಯೊಳಗಿನ ಕಪ್ಪು.
ಹೊಸಬರ ಮೈಗೆ ತಾಗಿದರೆ ಮುಖ ಊದುತ್ತದೆ;
ಸೊನೆ ತಿಂದಿತು ಅನ್ನುತ್ತೇವೆ.
ನನ್ನನ್ನು ಹದಿನೆಂಟರಲ್ಲಿ ತಿಂದಿತ್ತು.

ಇದು ಬಿಸಿಲಿಗೆ ಒಣಗುವ ಜಾತಿಯಲ್ಲ.
ಜಗತ್ತೆಲ್ಲ ತೇವವಾದಾಗ
ಇದೊಂದು ಗಟ್ಟಿಯಾಗುತ್ತದೆ.
ಉತ್ತರದ ಒಣಗಾಳಿ ಬೀಸುವ ತಿಂಗಳುಗಳಲ್ಲಿ
ತುಟಿ ಒಡೆಯುತ್ತದೆ, ಹಿಮ್ಮಡಿ ಒಡೆಯುತ್ತದೆ,
ಹಲಗೆಯ ಮೇಲಿನ ಬಣ್ಣ ಮಾತ್ರ
ಮುಟ್ಟಿದ ಬೆರಳನ್ನು ಬಿಡುವುದಿಲ್ಲ,
ಸಂತೆಯಲ್ಲಿ ಹಟ ಹಿಡಿದ ಮಗುವಿನ ಹಾಗೆ.

ಆ ಚಳಿಗಾಲ ನನಗೆ ಕಾಯಲಾಗಲಿಲ್ಲ.
ಹಾನೊಯ್ ಗ್ಯಾಲರಿಯವನು ತಾರೀಕು ಕೊಟ್ಟಿದ್ದ.
ಕೆರೆಯೊಂದನ್ನು ಬರೆಯುತ್ತಿದ್ದೆ,
ದಂಡೆಯಲ್ಲಿ ಬಟ್ಟೆ ಜಾಲಿಸುವ ನನ್ನ ಅಕ್ಕ.
ಅವಳ ಅಂಗಿಯ ಬಿಳಿಗೆ ಬಾತುಮೊಟ್ಟೆಯ ಚಿಪ್ಪು;
ಮನೆಮಂದಿಗೆಲ್ಲ ಹದಿನೈದು ದಿನ ಮೊಟ್ಟೆಯೇ ಊಟ.
ಮೊದಲ ಪದರ ಆರುವ ಮುನ್ನ ಎರಡನೆಯದು ಬಳಿದೆ,
ಅದರ ಮೇಲೆ ದಪ್ಪಗೆ ಮೂರನೆಯದು.
ಬೆಳಗ್ಗೆ ನೋಡಿದರೆ ಕೆರೆಯೆಲ್ಲ ಸುಕ್ಕು,
ಆರಿದ ಹಾಲಿನ ಕೆನೆಯಂತೆ.
ಅಕ್ಕ ಅದರಡಿ ಮುಳುಗಿಹೋಗಿದ್ದಳು.

ಹಲಗೆಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ.
ಹೆಂಗಸರ ಕೂದಲಿನ ಕುಂಚಗಳನ್ನು
ಎಣ್ಣೆಯಲ್ಲಿ ಅದ್ದಿ, ಸುತ್ತಿ, ಅಟ್ಟಕ್ಕೇರಿಸಿದೆ.

ಎರಡು ವರ್ಷ.

ತೊಟ್ಟಿಯಲ್ಲಿ ಸೊಪ್ಪು ಬೆಳೆದೆ.
ಮೊಮ್ಮಗನಿಗೆ ಸೈಕಲ್ ಕಲಿಸಿದೆ; ಅವನು ಕಲಿತ, ನಾನು ಬಿದ್ದೆ.
ಪಕ್ಕದ ಮನೆಯ ಥ್ವಾ "ಈಗೇನು ಬರೀತಿದ್ದೀ?" ಅಂದಾಗಲೆಲ್ಲ
"ಒಣಗ್ತಾ ಇದೆ" ಅನ್ನುತ್ತಿದ್ದೆ.
ಸುಳ್ಳು. ಅಥವಾ ಅಲ್ಲವೇನೋ.

ಒಮ್ಮೆ ಬಸ್ಸು ಹತ್ತಿ ಚಾತ್ ಮುದುಕನಲ್ಲಿಗೆ ಹೋದೆ.
ಒಂದು ಸಾಲು ಮರಗಳಿಗೆ ಚಿಪ್ಪೇ ಇಲ್ಲ.
"ಸತ್ತವಾ?" ಅಂದೆ. ಅವನಿಗೆ ನಗು.
"ಹೋದ ವರ್ಷ ಇವನ್ನ ಜಾಸ್ತಿ ಕೊಯ್ದೆ.
ಈ ವರ್ಷ ಇತ್ತ ತಿರುಗಿಯೂ ನೋಡಲ್ಲ,
ನೋಡಿದರೆ ಕೈ ತುರಿಸುತ್ತೆ."
ಚಹಾ ಕೊಟ್ಟ. ಮರದ ಬಗ್ಗೆ ಅಷ್ಟೇ ಮಾತು,
ಉಳಿದದ್ದೆಲ್ಲ ಅವನ ಹಲ್ಲುನೋವು.

ಮೂರನೇ ವಸಂತಕ್ಕೆ ತೇವ ಬಂತು, ಎಂದಿನಂತೆ.
ಗೋಡೆ ಬೆವರಿತು. ನೆಲದ ಮೇಲೆ ಇಟ್ಟ ಹೆಜ್ಜೆ ಹೆಜ್ಜೆಗೂ ನೀರು.
ಒಗೆದ ಅಂಗಿ ನಾಲ್ಕು ದಿನವಾದರೂ ಹಸಿ,
ಊರಿಗೆ ಊರೇ ಶಪಿಸಿತು.
ನನ್ನ ಮೂಗಿಗೆ ಎಲ್ಲಿಂದಲೋ ಸೊನೆಯ ವಾಸನೆ.
ಹಲಗೆ ತಿರುಗಿಸಿದೆ.
ಉಗುರು ಊರಿದರೆ ಕಲ್ಲು.

ಒಂದು ಬೋಗುಣಿ ನೀರು, ಮರಳುಕಾಗದ, ಇದ್ದಿಲು.
ನಮ್ಮ ಕಸುಬಿನಲ್ಲಿ ಬಳಿಯುವುದು ಅರ್ಧ,
ತಿಕ್ಕಿ ತೆಗೆಯುವುದು ಇನ್ನರ್ಧ.
ಸುಕ್ಕಿನ ನೆತ್ತಿ ಸವೆದಂತೆ
ಕಪ್ಪಿನೊಳಗೆ ಕಂದು ಉಂಗುರ,
ಅದರೊಳಗೆ ಕೆಂಪು, ಅದರೊಳಗೆ ಬೆಳ್ಳಿಪುಡಿ,
ಯಾರೋ ಈಗಷ್ಟೇ ಬಟ್ಟೆ ಅದ್ದಿ ಎತ್ತಿದ ನೀರು.
ಅಷ್ಟು ಚೆನ್ನಾಗಿ ಬರೆಯಲು ನನಗೆ ಬರುತ್ತಿರಲಿಲ್ಲ.

ಅಕ್ಕನ ತೋಳು ಒಂದು ಬೆರಳಗಲ ಕಂಡಿದೆ.
ಇನ್ನೊಂದು ಉಜ್ಜಿಗೆ ಮುಖ ಬರಬಹುದು,
ಮುಖವೇ ಸವೆದುಹೋಗಲೂಬಹುದು.

ನಿಲ್ಲಿಸಿದೆ. ಅಂಗೈ ತುಂಬ ಕಪ್ಪು ಕೆಸರು,
ಹೊರಗೆ ಕಾಣದಷ್ಟು ಸಣ್ಣ ತುಂತುರು.
"ಇವತ್ತಿಗಿಷ್ಟು ಸಾಕು, ಞಾನ್" ಎಂದು
ಅಮ್ಮನ ದನಿಯಲ್ಲಿ ನಾನೇ ನನ್ನ ಕರೆದುಕೊಂಡೆ.
ಒಳಗೆ ಒಲೆಯ ಮೇಲೆ ಮೊಟ್ಟೆ ಬೇಯುತ್ತಿತ್ತು.
ಚಿಪ್ಪು ಎಸೆಯಬೇಡಿ ಅಂದೆ.