ಚಾಲಕರೊಡನೆ ಮಾತಾಡಬಾರದು

ಅಜ್ಜಿ ಆಗ್ನೆಸ್. ಆ ಹೆಸರಿನ ಅಕ್ಷರಗಳನ್ನು
ಹಿಂದಿನಿಂದ ಮುಂದಕ್ಕೆ ಓದಿ ಅಪ್ಪ ನನಗಿಟ್ಟದ್ದು ಸೆಂಗಾ.
ಅದಕ್ಕೋ ಏನೋ, ಹುಟ್ಟಿದಾಗಿನಿಂದ ನನಗೆ
ಕನ್ನಡಿಯಲ್ಲಿ ಕಂಡದ್ದೇ ಸರಿ ಅನಿಸುತ್ತದೆ.
ಹತ್ತೊಂಬತ್ತು ವರ್ಷ ಡಂಡೀ ಊರಿನ ಬಸ್ಸು ಓಡಿಸಿದ್ದೇನೆ;
ಊರಿನವರೆಲ್ಲ ನನಗೆ ಎಡಬಲ ಬದಲಾದವರು,
ಅಂಗೈಯಗಲ ಗಾಜಿನೊಳಗೆ ತೂಗಾಡುವವರು.

ಮಂಗಳವಾರ, ಹನ್ನೊಂದೂಕಾಲು. ಟೇ ನದಿಯ ಕಡೆಯಿಂದ
ಮಳೆಯಲ್ಲದ ಮಳೆ, ಗಾಜು ಒರೆಸುವ ಕಡ್ಡಿಗೂ ಬೇಸರ.
ನೆದರ್‌ಗೇಟಿನಲ್ಲಿ ಹತ್ತಿದಳು, ಇಪ್ಪತ್ತೋ ಇಪ್ಪತ್ತೊಂದೋ,
ಒದ್ದೆ ಕೂದಲು, ಗಂಡಸರ ಜಾಕೆಟ್ಟು,
ತಳ್ಳುಗಾಡಿಯಲ್ಲಿ ಕೆಂಪಗೆ ಕೂಗುವ ಒಂದು ಮುಷ್ಟಿ.
ಎರಡು ಸ್ಟಾಪಿನವರೆಗೆ ಇಡೀ ಬಸ್ಸು ಆ ಕೂಗಿನೊಳಗೇ ಕೂತಿತ್ತು,
ಎಲ್ಲರ ಮುಖದಲ್ಲೂ ಒಂದೇ ಮಾತು: ಏನಾದರೂ ಮಾಡಬಾರದೇ ಇವಳು?

ಮಾಡಿದಳು.
ಜಿಪ್ಪು ಇಳಿಯಿತು, ಅಂಗಿ ಮೇಲೇರಿತು,
ಕೂಗು ನಿಂತಿತು, ಯಾರೋ ನಲ್ಲಿ ತಿರುಗಿಸಿದ ಹಾಗೆ.
ಆಮೇಲೆ ಗುಟುಕ್ ಗುಟುಕ್ ಎಂಬ ಸಣ್ಣ ಸದ್ದು,
ಇಂಜಿನ್ನಿನ ಗುಡುಗಿನಲ್ಲೂ ನನಗೆ ಕೇಳಿತೆಂದರೆ ನೀವು ನಂಬುವುದಿಲ್ಲ.

ಅಳುವಾಗ ನೋಡಿದವರು ಈಗ ನೋಡದಿರಲು ಶುರುಮಾಡಿದರು.
ಅದೂ ಒಂದು ಕೆಲಸವೇ. ಕುತ್ತಿಗೆ ನೋಯುವ ಕೆಲಸ.
ಶಾಲೆ ತಪ್ಪಿಸಿ ಬಂದ ಹುಡುಗ ಕಿಟಕಿಯ ಆವಿಯಲ್ಲಿ
ತನ್ನ ಹೆಸರು ಬರೆದು, ಒರೆಸಿ, ಮತ್ತೆ ಬರೆದ.
ಹಸಿರು ಟೊಪ್ಪಿಯ ಮುದುಕಿ ಶಾಲು ಬಿಚ್ಚಿ ಚಾಚಿದಳು:
"ಚಳಿ, ಕಂದಾ." ಚಳಿ ಯಾರಿಗೆ ಎನ್ನಲಿಲ್ಲ.
ಹುಡುಗಿ ಈಸಿಕೊಂಡು ಮಗುವಿನ ಪಾದಕ್ಕೆ ಸುತ್ತಿದಳು.
ಮುದುಕಿ ಬಾಯಿ ತೆರೆದು, ಮುಚ್ಚಿ, ಆಮೇಲೆ ನಕ್ಕೇಬಿಟ್ಟಳು.

ಅವನು ಎದ್ದು ಬಂದ. ಪಾಲಿಷು ಹಾಕಿದ ಬೂಟು,
ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ.
"ಹೇಳಬಾರದೇ ಅವಳಿಗೆ? ಇದು ಬಸ್ಸು."
ಇದು ಬಸ್ಸೆಂದು ನನಗೆ ಹೇಳಲು ಬಂದಿದ್ದ!
ಕಾನೂನು ಗೊತ್ತಿತ್ತು; ತರಬೇತಿಯಲ್ಲಿ ಅರ್ಧ ಗಂಟೆ
ಬಿಸ್ಕತ್ತು ಕೊಟ್ಟು ಹೇಳಿದ್ದರು, ತಡೆದವರದೇ ತಪ್ಪೆಂದು.
ನಾಲಿಗೆಯ ತುದಿಗೆ ಬಂದದ್ದು ಅದಲ್ಲ.

ತೊಂಬತ್ತೊಂದರ ಡಿಸೆಂಬರು. ದೊಡ್ಡ ಅಂಗಡಿಯ ಮೂರನೇ ಮಹಡಿ,
ಕಕ್ಕಸಿನ ಮುಚ್ಚಳದ ಮೇಲೆ ನಾನು, ಎದೆಯಲ್ಲಿ ನನ್ನ ಗ್ರೆಗರ್.
ಗೋಡೆಯಾಚೆ ನೀರು ಬಿಟ್ಟಾಗಲೆಲ್ಲ ಬೆಚ್ಚಿ ಮೊಲೆ ಬಿಡುತ್ತಿದ್ದ.
ಬಾಗಿಲು ಬಡಿದವಳಿಗೆ "ಆಯ್ತು, ಆಯ್ತು" ಎಂದೆ,
ಅರ್ಧಕ್ಕೇ ಬಿಡಿಸಿದೆ.
ಯಾರೂ ನನ್ನನ್ನು ಅಲ್ಲಿಗೆ ಅಟ್ಟಿರಲಿಲ್ಲ. ಈಗಲೂ ಚುಚ್ಚುವುದು ಅದೇ.
ನಾನಾಗಿಯೇ ಹೋಗಿದ್ದೆ, ಬಾಗಿಲು ಹುಡುಕಿ, ಚಿಲಕ ಹಾಕಿ.

ಸಿಗ್ನಲ್ಲು ಕೆಂಪು. ಬತ್ತಿ ಮೂರು ದಶಕವಾದ ಈ ಎದೆ
ಜುಮ್ಮೆಂದಿತು, ತೊರೆಬಿಡುವಾಗಿನ ಅದೇ ಸೂಜಿಗಳು,
ಸುಳ್ಳು ಸೂಜಿಗಳು.
ಕೈಯೆತ್ತಿ ತಲೆಯ ಮೇಲಿನ ಫಲಕ ತೋರಿಸಿದೆ:
ಬಸ್ಸು ಚಲಿಸುವಾಗ ಚಾಲಕರೊಡನೆ ಮಾತಾಡಬಾರದು.
"ನಿಂತಿದೆಯಲ್ಲ," ಅಂದ.
ಹಸಿರು ಬಿತ್ತು. ಹೊರಟೆ.

ಆಸ್ಪತ್ರೆ ಸ್ಟಾಪಿನಲ್ಲಿ ಇಳಿದ. ಚೀಲದ ಬಾಯಿಂದ
ಹೊಸ ನೈಟಿಯ ತೋಳೊಂದು ಇಣುಕಿತ್ತು, ಬೆಲೆಚೀಟಿ ಇನ್ನೂ ಹಾಗೇ.
ಒಳಗೆ ಯಾರಿದ್ದಾಳೋ. ಅವಳಿಂದ ಏನನ್ನು ತೆಗೆದಿದ್ದಾರೋ.
ಫಲಕ ತೋರಿಸಿದ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡೆ.
ತಪ್ಪು ಮಾಡಿದೆನೆಂದಲ್ಲ.

ಕೊನೆಯ ಸ್ಟಾಪು. ಹುಡುಗಿ ಎದ್ದಳು; ಮಗು ಹಾಲಿನ ಅಮಲಿನಲ್ಲಿ,
ಗಲ್ಲದ ಮೇಲೊಂದು ಬಿಳಿ ಎಳೆ. ಶಾಲು ಪಾದದಲ್ಲೇ ಉಳಿದಿತ್ತು,
ಮುದುಕಿ ಯಾವಾಗಲೋ ಇಳಿದು ಹೋಗಿದ್ದಳು.
ಗುಂಡಿ ಒತ್ತಿದೆ. ಹನ್ನೆರಡು ಟನ್ನಿನ ಬಸ್ಸು
ಉಸ್ಸೆಂದು ಉಸಿರುಬಿಟ್ಟು ಕಾಲುದಾರಿಯ ಕಡೆಗೆ ಮಂಡಿಯೂರಿತು.
ತಳ್ಳುಗಾಡಿಗೆಂದೇ ಇರುವ ಏರ್ಪಾಡು, ದಿನಕ್ಕೆ ನಲವತ್ತು ಸಲ ಮಾಡುತ್ತೇನೆ.
ಇವತ್ತು ಅವಳು ಇಳಿದು ಮೂಲೆ ತಿರುಗಿದ ಮೇಲೂ
ಎತ್ತಲಿಲ್ಲ. ಬಾಗಿಲು ತೆರೆದೇ ಇತ್ತು.
ಮಳೆ ಒಳಗೆ ಬಂತು.