ಹೆದರಬೇಡ ಎನ್ನದವನು

ರಾದೊಮ್ ಊರಿನ ಅಂಚಿಗೆ, ರೈಲುಹಳಿ ದಾಟಿದ ಮೇಲೆ,
ನಮ್ಮ ಬೆಕ್ಕುಗಳ ಆಸರೆಮನೆ.
ಇಪ್ಪತ್ತೇಳನೇ ಗೂಡಿನಲ್ಲಿ ಒಂದು ಬೆನ್ನು.
ಬರೀ ಬೆನ್ನು.
ಮುಖ ಗೋಡೆಗೆ, ಬಾಲ ಹೊಟ್ಟೆಯಡಿಗೆ.
ಹನ್ನೊಂದು ತಿಂಗಳು ನಾವು ಊಟ ಹಾಕಿದ್ದು ಆ ಬೆನ್ನಿಗೆ.

ಸಿಕ್ಕಿದ್ದು ಲುಬ್ಲಿನ್ ಕಡೆಯಿಂದ ಬಂದ ಎಲೆಕೋಸಿನ ಲಾರಿಯ
ಎಂಜಿನ್ನಿನೊಳಗೆ. ಎಡಗಿವಿ ಅರ್ಧ ಸುಟ್ಟಿತ್ತು.
ಬಿಚ್ಚಿ ತೆಗೆದ ಮೆಕ್ಯಾನಿಕ್ಕು ಹೆಸರಿಟ್ಟ: ಶ್ರುಬಾ.
ನಮ್ಮ ಮಾತಿನಲ್ಲಿ ಹಾಗೆಂದರೆ ತಿರುಪು.
"ಎಲ್ಲ ಜೋಡಿಸಿದ ಮೇಲೂ ಒಂದು ಮಿಕ್ಕೇ ಮಿಗುತ್ತದಲ್ಲ"
ಎಂದು ನಕ್ಕಿದ್ದ.

ಗೂಡಿಗೆ ಚೀಟಿ ಬರೆಯುವ ಕೆಲಸ ನನ್ನದು.
ಮೊದಲು ಬರೆದೆ: "ನಾಚಿಕೆ ಸ್ವಭಾವ." ಸುಳ್ಳು.
ನಾಚಿಕೆಗೆ ಅಷ್ಟೊಂದು ಉಗುರಿರುವುದಿಲ್ಲ.
ಆಮೇಲೆ: "ತಾಳ್ಮೆ ಇದ್ದವರಿಗೆ."
ತಮಗದು ಇಲ್ಲ ಎಂದುಕೊಂಡವರು ಯಾರೂ ಸಿಗಲಿಲ್ಲ.
ಕೊಂಡೊಯ್ದ ಸಂಗೀತದ ಟೀಚರು ಒಂಬತ್ತನೇ ದಿನ
ಮೊಣಕೈತನಕ ಬ್ಯಾಂಡೇಜು ಸುತ್ತಿಕೊಂಡು ವಾಪಸು ತಂದಳು,
ಅಳುತ್ತಾ, "ಅದು ನನ್ನನ್ನು ಪ್ರೀತಿಸಲೇ ಇಲ್ಲ."
ಸಹಿ ಹಾಕಿಸಿಕೊಂಡೆ. ಏನನ್ನಲಿ?
ಜನವರಿಯಲ್ಲಿ ನಮ್ಮೂರಲ್ಲಿ ಒಂಬತ್ತು ದಿನಕ್ಕೆ
ಹಾಲು ಕೂಡ ಮೊಸರಾಗದು.

ಕಡೆಗೆ ಬೇಸತ್ತು ಬರೆದೆ:
"ಇದಕ್ಕೆ ಹೆದರಿಕೆ. ಹೋದೀತೆಂಬ ಭರವಸೆ ಕೊಡಲಾರೆವು.
ಮುಟ್ಟಲಿಕ್ಕೆ ಬೆಕ್ಕು ಬೇಕಾದವರು ಪಕ್ಕದ ಗೂಡು ನೋಡಿ."
ಮೇಲಿನವರು ಗೊಣಗಿದರು, ಕಿತ್ತುಹಾಕಲಿಲ್ಲ.

ಮಾರ್ಚಿನ ಕೆಸರು ತುಳಿದುಕೊಂಡು ಬಂದವನು
ಝೆನೊನ್ ಮಿಕುವಾ, ಲಿಫ್ಟ್ ರಿಪೇರಿಯವನು.
ಚೀಟಿಯನ್ನು ಕನ್ನಡಕ ಹಾಕಿ ಒಂದು ಸಲ ಓದಿದ,
ತೆಗೆದು ಒಂದು ಸಲ.
ಗೂಡಿನ ಮುಂದೆ ಸಿಮೆಂಟು ನೆಲದ ಮೇಲೆ ಕೂತ, ಅತ್ತ ಬೆನ್ನು ಹಾಕಿ.
ಬೆನ್ನಿಗೆ ಬೆನ್ನು.
"ನನ್ನ ಹೆಸರು ಝೆನೊನ್" ಅಂದ, ಎದುರಿನ ಗೋಡೆಗೆ.
"ಈಗ ಶೂ ಲಾಡಿ ಸಡಿಲಿಸುತ್ತಿದ್ದೇನೆ.
ಈಗ ಜೇಬಿನಿಂದ ಕರವಸ್ತ್ರ ತೆಗೆದೆ. ಮೂಗು ಸೀಟುತ್ತೇನೆ, ಸದ್ದಾಗುತ್ತದೆ."
ಸದ್ದಾಯಿತು.
ಆ ಬೆನ್ನು ನಡುಗಿತು, ಹೇಳಿದ ಸದ್ದಿಗೆ ಎಷ್ಟೋ ಅಷ್ಟು.

ಇದೆಂಥ ಪದ್ಧತಿ, ಕೇಳಿದೆ.
"ಇಪ್ಪತ್ತಾರು ವರ್ಷ ಲಿಫ್ಟಿನಲ್ಲಿ ಸಿಕ್ಕಿಬಿದ್ದವರನ್ನು ಇಳಿಸಿದ್ದೇನಮ್ಮ.
ಎರಡು ಮಹಡಿಯ ನಡುವೆ, ದೀಪ ಆರಿ,
ಕೈಯಲ್ಲಿ ಮೀನಿನ ಚೀಲ ಹಿಡಿದು ನಿಂತವರಿಗೆ
'ಹೆದರಬೇಡಿ' ಅಂದು ನೋಡಿ,
ಹೆದರುವಂಥದ್ದು ಏನೋ ಇದೆ ಅಂತ ಖಾತ್ರಿಯಾಗಿಬಿಡುತ್ತದೆ.
ಹೆಸರು ಹೇಳಬೇಕು. ಕೈ ಏನು ಮಾಡುತ್ತಿದೆ ಅಂತ ಹೇಳಬೇಕು.
ಹೇಳಿದ್ದನ್ನೇ ಮಾಡಬೇಕು.
ಕಸುಬು ಅಷ್ಟೇ."

ಆರು ಶನಿವಾರ ಬಂದ.
ಏಳನೆಯದಕ್ಕೆ ಕೈಪೆಟ್ಟಿಗೆ ತಂದ, ಒಳಗೆ ತನ್ನ ಹಳೇ ಅಂಗಿ ಹಾಸಿ.

ಜೂನಿನಲ್ಲಿ ನೋಡಿ ಬರಲು ಹೋದೆ, ನಿಯಮ.
ನಾಲ್ಕನೇ ಮಹಡಿ. ಕಟ್ಟಡಕ್ಕೆ ಲಿಫ್ಟೇ ಇಲ್ಲ!
ಏದುಸಿರಿನಲ್ಲೇ ನಗು ಬಂತು.
ಬೆಕ್ಕು ಕಾಣಲಿಲ್ಲ.
ಕಂಡದ್ದು: ಸಿಂಕಿನಡಿಯ ಕಪಾಟಿಗೆ ಕೊರೆದ ಇನ್ನೊಂದು ಕಿಂಡಿ,
ಅಂಚು ಮರಳುಕಾಗದದಿಂದ ಉಜ್ಜಿ ನುಣುಪು ಮಾಡಿದ್ದು.
"ದಾರಿ ಒಂದೇ ಇದ್ದರೆ ಬೋನು, ಎರಡಿದ್ದರೆ ಕೋಣೆ"
ಅಂದ, ಚಹಾ ಬಗ್ಗಿಸುತ್ತ.
ಮತ್ತೆ, ಕುರ್ಚಿಯ ಮೇಲೆ ಬಿದ್ದ ಕರೀ ಕೋಟಿನಲ್ಲಿ
ಬಟ್ಟಲಿನಷ್ಟು ಗುಳಿ, ತುಂಬ ಬೂದು ಕೂದಲು.
"ರಾತ್ರಿಪಾಳಿಗೆ ಹೋದಾಗ ಮಲಗುತ್ತದೆ ಅಂತ ಕಾಣುತ್ತೆ.
ಕಣ್ಣಾರೆ ನೋಡಿಲ್ಲ.
ಚಳಿಗಾಲಕ್ಕೆ ನಾನು ಬೇರೆ ಕೊಳ್ಳಬೇಕು."

ಪ್ರಾಣಿ ಹೊಂದಿಕೊಂಡಿದೆಯೇ, ಎಂದಿತ್ತು ಅರ್ಜಿ.
ಹೌದು, ಇಲ್ಲ. ಎರಡೇ ಚೌಕ.
ನಡುವಿನ ಗೆರೆಯ ಮೇಲೆ ಗುರುತು ಹಾಕಿ
ಕೆಳಗೆ ಬರೆದೆ: "ಅಡುಗೆಮನೆಯಲ್ಲಿ ಯಾರೋ ಇದ್ದರು."

ಇವತ್ತು ಇಪ್ಪತ್ತೇಳಕ್ಕೆ ಹೊಸತೊಂದು ಬಂದಿದೆ,
ಕಪ್ಪು, ಒಕ್ಕಣ್ಣಿ,
ಕೈಬೆರಳಿನ ನೆರಳಿಗೂ ಬುಸುಗುಡುತ್ತದೆ.
ನಾಲಿಗೆ ತುದಿಗೆ ಬಂದ "ಹೆದರಬೇಡವೇ" ನುಂಗಿಕೊಂಡೆ.
ನನ್ನ ಹೆಸರು ಲುದ್ವಿಕಾ.
ಈಗ ನಿನ್ನ ನೀರಿನ ಬಟ್ಟಲು ತೊಳೆಯುತ್ತಿದ್ದೇನೆ.
ಈಗ ನಲ್ಲಿ ನಿಲ್ಲಿಸುತ್ತೇನೆ.