ಹುಂಜ ಕಿತ್ತ ರಾತ್ರಿ

ಸಲ್ಮಾಬಾದಿನ ಗ್ಯಾರೇಜಿನಿಂದ ಸಖೀರಿನ ಟ್ರ್ಯಾಕಿಗೆ ಇಪ್ಪತ್ತು ಮಿನಿಟು.
ಪಿಕಪ್ಪಿನ ಹಿಂದೆ ಸಾಬೂನು ನೀರು, ಬ್ಲೇಡು,
ಬಿಸಿಗಾಳಿ ಊದುವ ಗನ್ನು,
ಸುರುಳಿ ಸುತ್ತಿಟ್ಟ ಹತ್ತು ಕ್ಲಬ್ಬುಗಳ ಮಾನ.

ಈ ರೇಸಿನ ಕಾರುಗಳಿಗೆ ಕಂಪನಿಯ ಹೆಸರಿಲ್ಲ,
ಫುಟ್ಬಾಲ್ ಕ್ಲಬ್ಬುಗಳ ಹೆಸರು.
ಪೆಟ್ಟಿಗೆಯಿಂದ ಇಳಿಯುವಾಗ ಎಲ್ಲವೂ ಬೂದು,
ಹೆತ್ತವಳಿಗೂ ಗುರುತು ಸಿಗದ ಅವಳಿಜವಳಿ.
ನಾನು ಅಂಟಿಸಿದ ಮೇಲೆಯೇ
ಒಂದು ಹುಂಜ, ಒಂದು ಹಡಗು,
ಇನ್ನೊಂದು ಎರಡು ತಲೆಯ ಹಕ್ಕಿ,
ನಮ್ಮ ಸರಕಾರಿ ಬಸ್ಸಿನ ಗಂಡಭೇರುಂಡದ ದೂರದ ನೆಂಟ.

ಹೆಸರುಗಳು ನಮಗೆ ಓದಲು ಬಾರದ ಭಾಷೆಗಳಲ್ಲಿ.
"ಮೋನಬ್ಬಾ, ಹುಂಜದ ಬಾಲಕ್ಕೆ ಇನ್ನಷ್ಟು ಬಿಸಿ ಕೊಡು."
"ಹಡಗಿನೊಳಗೆ ಗಾಳಿ ಸೇರಿದೆ, ಸೂಜಿ ಎಲ್ಲಿ?"

ಹುಂಜವನ್ನು ಓಡಿಸುವವನು ಎಸ್ತೋನಿಯಾದ ಹುಡುಗ,
ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ.
ಮೊಣಕೈ ಆಡದ ಸೀಟಿನಲ್ಲಿ
ಬಟ್ಟೆ ಬಿಗಿದ ಹಸುಗೂಸಿನಂತೆ ಮಲಗಿ ಕೇಳಿದ:
"ನಮ್ಮ ಗೋಲ್‌ಕೀಪರ್ ಹೇಗೆ, ಒಳ್ಳೆಯವನಾ?"
ನನಗೇನು ಗೊತ್ತು. "ಫಸ್ಟ್ ಕ್ಲಾಸ್" ಅಂದೆ.
ಅವನಿಗೆ ಸಮಾಧಾನವಾಯಿತು.
ಹನ್ನೊಂದು ಮಂದಿಯ ಆಟ ಒಬ್ಬನೇ ಹೊತ್ತು,
ಚೆಂಡಿಲ್ಲದೆ, ಪಾಸು ಕೊಡಲು ಪಕ್ಕದಲ್ಲಿ ಯಾರೂ ಇಲ್ಲದೆ
ಮುನ್ನೂರರ ವೇಗದಲ್ಲಿ ಹೋಗುವವನಿಗೆ
ಹಿಂದೆ ಕಾಯುವವನೊಬ್ಬ ಇರಲಿ ಅನಿಸಿದರೆ ತಪ್ಪೇನು.

ಗುರುವಾರ ರಾತ್ರಿ ಹನ್ನೊಂದೂವರೆಗೆ ಫೋನು:
ಹುಂಜದವರು ದುಡ್ಡು ಕಳಿಸಿಲ್ಲ.
ಬೆಳಗಾಗುವಷ್ಟರಲ್ಲಿ ಆ ಕಾರು ಮೀನಾಗಬೇಕು.

ಉಗುರಲ್ಲಿ ಮೂಲೆ ಎಬ್ಬಿಸಿ,
ಸುಟ್ಟ ಗಾಯದ ಪಟ್ಟಿ ಬಿಚ್ಚುವ ನರ್ಸಿನಂತೆ ಎಳೆದೆ.
ಜುಟ್ಟು ಬಂತು, ಎದೆ ಬಂತು,
ನೂರು ವರ್ಷ ಹಳೆಯ ಇಸವಿ ಬಂತು.
ಒಂದು ಕಾಲು ಮಾತ್ರ ಹರಿದು ಅಲ್ಲೇ ಉಳಿಯಿತು.
ಅದನ್ನು ಕೆರೆಯುವಾಗ ಕಂಡಿತು, ಅಡಿಯಲ್ಲಿ ಒಂದು ಲಂಗರು.
ಹಿಂದಿನ ರೇಸಿನದು, ಹಿಂದಿನ ದೇಶದ್ದು,
ನನ್ನಂಥವನೇ ಯಾರೋ ಅವಸರದಲ್ಲಿ ಪೂರ್ತಿ ಒರೆಸದೆ ಬಿಟ್ಟದ್ದು.
"ಹಾಗಾದರೆ ಇದು ಮೊದಲು ಯಾರದು?" ಎಂದ ಮೋನಬ್ಬ.
ಸ್ಪಿರಿಟ್ ಹಾಕು ಮಾರಾಯ, ಅಂದೆ.

ಬೆಳಿಗ್ಗೆ ಮರಳುಗಾಳಿ.
ಬೇಲಿಯ ಬಳಿ ಒಬ್ಬ ಮುದುಕ,
ಆ ಸೆಕೆಯಲ್ಲೂ ಕುತ್ತಿಗೆಗೆ ಉಣ್ಣೆಯ ಮಫ್ಲರು,
ಅದರ ಉದ್ದಕ್ಕೂ ಹುಂಜಗಳು, ಹೆಂಡತಿ ಹೆಣೆದದ್ದಂತೆ.
ಎರಡು ವಿಮಾನ ಬದಲಿಸಿ ಬಂದವನು.
"ನಮ್ಮ ಕಾರು ಎಲ್ಲಿ?"
ಬೆರಳು ತೋರಿಸಿದೆ. ಅಲ್ಲಿ ಮೀನು,
ಅಂಚಿನಲ್ಲಿ ಇನ್ನೂ ಸಾಬೂನಿನ ತೇವ.
ಅವನು ಮೀನನ್ನು ನೋಡಿದ.
ಆಮೇಲೆ ನನ್ನ ಉಗುರುಗಳನ್ನು, ಅದರಲ್ಲಿದ್ದ ಕೆಂಪು ಚೂರುಗಳನ್ನು.
ಏನೂ ಅನ್ನಲಿಲ್ಲ. ಕೂತು ಸುತ್ತು ಎಣಿಸತೊಡಗಿದ.
ಏಳನೆಯ ಸುತ್ತಿಗೆ ನಮ್ಮ ಹುಡುಗ ಗಂಡಭೇರುಂಡವನ್ನು ದಾಟಿದಾಗ
ಎದ್ದು ನಿಂತು, ಮಫ್ಲರು ಬೀಸಿ,
ಮೀನಿಗೆ ಹುಂಜದ ಹೆಸರು ಹಿಡಿದು ಕೂಗಿದ.

ಕಿತ್ತದ್ದು ಪಿಕಪ್ಪಿನಲ್ಲೇ ಇತ್ತು. ಕೊಡೋಣವೆಂದುಕೊಂಡೆ.
ಕುಂಟ ಹುಂಜವನ್ನು ಹೇಗೆ ಕೊಡುವುದು?
ನಾನು ಹಿಂದೆ ಮುಂದೆ ನೋಡುವಷ್ಟರಲ್ಲಿ
ಬಸ್ಸು ಅವನನ್ನು ಹತ್ತಿಸಿಕೊಂಡು ಹೋಗಿತ್ತು.

ಸಂಜೆ ಗ್ಯಾರೇಜಿನ ಹಿಂದಿನ ಜಲ್ಲಿ ಮೈದಾನ.
ಹನ್ನೊಂದು ಮಂದಿ ನಾವು ಸೇರಿದ ದಿನವೇ ಇಲ್ಲ,
ಒಬ್ಬನಿಗಲ್ಲ ಒಬ್ಬನಿಗೆ ಓವರ್‌ಟೈಮು.
ಎಲ್ಲರದೂ ಹಳದಿ ಬನಿಯನು, ಎದೆ ಖಾಲಿ.
ಇವತ್ತು ಬಾರದವನು ಗೋಲ್‌ಕೀಪರ್ ರೊಸಾರಿಯೊ,
ಕೋಲ್ಡ್ ಸ್ಟೋರಿನಲ್ಲಿ ಲೆಕ್ಕ ಮುಗಿದಿಲ್ಲವಂತೆ.
ನೀರಿನ ಡ್ರಮ್ಮಿಗೆ ಹುಂಜವನ್ನು ಅಂಟಿಸಿ
ಎರಡು ಕಲ್ಲುಗಳ ನಡುವೆ ತಂದು ಇಟ್ಟೆವು.
ಒಂಟಿ ಕಾಲಲ್ಲಿ ನಿಂತಿತು.

ಅರ್ಧ ಆಟಕ್ಕೆ ಮೂರು ಗೋಲು ತಿಂದಿತು.
ಒಂದನ್ನು ತಡೆಯಿತು, ಅದೂ ನಿಜ.